ಕೊಗ್ಗಣ್ಣ ಎಣಿಸಿದ ಮತಗಳು

ಅಲ್ ಖೌದ್, ಮಸ್ಕತ್
16 ನವೆಂಬರ್ 2025

ಪ್ರೀತಿಯ ತೃಪ್ತಿ,

ನೀನು ಹೈದರಾಬಾದಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ ನಮ್ಮ ನಡುವೆ ಒಂದು ಕರಾರು ಆಗಿತ್ತು, ನೆನಪುಂಟಲ್ಲ? ಫೋನಿನಲ್ಲಿ ತುಳು, ವಾಟ್ಸಾಪಿನಲ್ಲಿ ನಿನ್ನ ಇಂಗ್ಲಿಷು, ಈಮೇಲ್ ಮಾತ್ರ ಕನ್ನಡದಲ್ಲಿ. ಕಳೆದ ತಿಂಗಳು ನಿನ್ನಿಂದ ಬಂದದ್ದು ಒಂದೇ ಒಂದು ಪತ್ರ, ಅದೂ ನಾಲ್ಕು ಸಾಲು. ಅಂಗಡಿಗೆ ಕಂಪ್ರೆಸರ್ ಕಳಿಸುವ ಚೀನಾದವನು ಕೂಡ ನನಗೆ ಅದಕ್ಕಿಂತ ಉದ್ದ ಬರೆಯುತ್ತಾನೆ ಮಾರಾಯ್ತಿ.

ಶುಕ್ರವಾರ ನಮ್ಮ ಕರಾವಳಿ ಬಳಗದ ಚುನಾವಣೆ ಮುಗಿಯಿತು. ಖುರುಮ್‌ನ ಹೋಟೆಲಿನ ಹಾಲ್, ನೀರುದೋಸೆ, ಕೋಳಿ ಸುಕ್ಕ, ಮಕ್ಕಳ ಗಲಾಟೆ, ಎಲ್ಲ ಯಾವಾಗಿನ ಹಾಗೆಯೇ. ಚುನಾವಣಾಧಿಕಾರಿ ನಾನೇ. ಹನ್ನೆರಡು ವರ್ಷದಿಂದ ಅಧ್ಯಕ್ಷರಾಗಿರುವ ಬಾದುಶಾಕ ಈ ಸಲವೂ ಗೆದ್ದರು. ಅವರಿಗೆ ಅರವತ್ತೊಂಬತ್ತು, ಎದುರು ನಿಂತವರಿಗೆ ಐವತ್ತೇಳು. ಎದುರು ನಿಂತವರು ಯಾರು ಗೊತ್ತಾ? ನಮ್ಮ ಆಲ್ಬಿನಾ ಬಾಯಿ! ನರ್ಸ್ ಕೆಲಸದಿಂದ ನಿವೃತ್ತಿಯಾಗುವ ವರ್ಷ ಅವರಿಗೆ ಈ ಹುಮ್ಮಸ್ಸು ಎಲ್ಲಿಂದ ಬಂತೋ. ಬಾದುಶಾಕನದ್ದು ಒಂಬತ್ತು ಜನರ ತಂಡ, ಇವರು ಒಬ್ಬರೇ.

ನೀನು ಯಾವಾಗಲೂ ನಗಾಡುತ್ತಿದ್ದೆಯಲ್ಲ, ನಮ್ಮ ಒಂದು ಕುಟುಂಬಕ್ಕೆ ಒಂದು ಮತಪತ್ರದ ಪದ್ಧತಿಗೆ? ಈ ಸಲವೂ ಅದೇ. ಗಂಡ ಮೇಜಿನ ಹತ್ತಿರ ರೈಟ್ ಹಾಕುವುದು, ಹೆಂಡತಿ ತೆಗೆದುಕೊಂಡು ಹೋಗಿ ಪೆಟ್ಟಿಗೆಗೆ ಹಾಕುವುದು. ಇಬ್ಬರ ಕೈಯೂ ಸೋಕಿದ ಹಾಗಾಯಿತು. ಉಳಿದವರು ಊಟ ಮಾಡುವಾಗ ಪಕ್ಕದ ಕೋಣೆಯಲ್ಲಿ ನಾನೊಬ್ಬನೇ ಕೂತು ಎಣಿಸಿದೆ. ಕೊಗ್ಗಣ್ಣ ಎಣಿಸಿದ ಮೇಲೆ ಎರಡನೇ ಸಲ ಎಣಿಸುವ ಪದ್ಧತಿ ಬಳಗದಲ್ಲಿ ಇಲ್ಲ. ಒಂದು ತಕರಾರೂ ಬರಲಿಲ್ಲ.

ನಿನ್ನ ಅಮ್ಮ ಆರಾಮಾಗಿದ್ದಾಳೆ. ಅವಳ ಬಗ್ಗೆ ವಿಶೇಷವಾಗಿ ಬರೆಯುವಂಥದ್ದು ಏನೂ ಇಲ್ಲ.

ನಿನ್ನ ಪ್ರಬಂಧ ಎಲ್ಲಿಗೆ ಬಂತು? ಅಮೆರಿಕದ ಯಾವುದೋ ಚುನಾವಣೆ ಅಂದಿದ್ದೆ. ಅಷ್ಟು ದೂರದ, ಅಷ್ಟು ಹಳೆಯ ಚುನಾವಣೆಯಲ್ಲಿ ಎಂಥ ಸಿಗುತ್ತದೆ ನಿನಗೆ?

ನಿನ್ನ ಪಪ್ಪ,
ಕೊಗ್ಗ

*

ಹೈದರಾಬಾದ್
20 ನವೆಂಬರ್ 2025

ಪ್ರೀತಿಯ ಪಪ್ಪ,

ಸಾರಿ, ಸಾರಿ, ಸಾರಿ. ಈ ಸಲ ಚೀನಾದವನನ್ನು ಸೋಲಿಸುವಷ್ಟು ಉದ್ದ ಬರೆಯುತ್ತೇನೆ, ನೋಡಿ.

ಆಲ್ಬಿನಾ ಆಂಟಿ ಸೋತರಾ? ಛೆ! ಅಮ್ಮನಿಗೆ ಆಪರೇಶನ್ ಆದಾಗ ಡ್ಯೂಟಿ ಮುಗಿಸಿ ಬಂದು ಅಮ್ಮನ ಹಾಸಿಗೆಯ ಪಕ್ಕ ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದವರು. ನನಗೆ ಮತ ಇದ್ದಿದ್ದರೆ ಅವರಿಗೇ. ಆದರೆ ನೀವು ಎಣಿಸಿದ್ದೀರಿ ಅಂದ ಮೇಲೆ ಸೋಲು ಸೋಲೇ, ನಾನು ಬಾಯಿ ಮುಚ್ಚುತ್ತೇನೆ.

ನನ್ನ ಚುನಾವಣೆಯಲ್ಲಿ ಎಂಥ ಸಿಗುತ್ತದೆ ಅಂತ ಕೇಳಿದಿರಲ್ಲ, ಕೇಳಿ. 1916ರಲ್ಲಿ ಅರಿಝೋನಾ ರಾಜ್ಯದ ಗವರ್ನರ್ ಚುನಾವಣೆ. ಅಲ್ಲಿ ಗವರ್ನರ್ ಅಂದರೆ ನಮ್ಮ ಹಾಗೆ ರಾಜ್ಯಪಾಲರಲ್ಲ, ಜನರೇ ಆರಿಸುವ ಮುಖ್ಯಮಂತ್ರಿಯ ಥರ. ಮೊದಲ ಎಣಿಕೆಯಲ್ಲಿ ಒಬ್ಬ ಮೂವತ್ತು ಮತಗಳಿಂದ ಗೆದ್ದ. ಇಡೀ ರಾಜ್ಯಕ್ಕೆ ಮೂವತ್ತು! ಕುರ್ಚಿಯಲ್ಲಿದ್ದ ಹಳೆಯ ಗವರ್ನರ್ ಏಳುವುದಿಲ್ಲ ಅಂದ. ಗೆದ್ದವನು ಮನೆಯಲ್ಲಿ ಪ್ರಮಾಣವಚನ ತೆಗೆದುಕೊಂಡ. ಸ್ವಲ್ಪ ದಿನ ಒಂದು ರಾಜ್ಯಕ್ಕೆ ಇಬ್ಬರು ಗವರ್ನರ್! ಕೋರ್ಟು ಹೇಳಿದ ಮೇಲೆ ಹಳಬ ಎದ್ದ, ಹೊಸಬ ಕೂತ. ಆಮೇಲೆ ಮತಗಳನ್ನು ಪುನಃ ನೋಡಿ ಕೆಳಗಿನ ಕೋರ್ಟು ಹೊಸಬನೇ ಸರಿ ಅಂದಿತು. ಆದರೆ ಮರುವರ್ಷದ ಕೊನೆಗೆ ಮೇಲಿನ ಕೋರ್ಟು ಅದನ್ನು ತಿರುಗಿಸಿ, ಗೆದ್ದದ್ದು ಹಳಬನೇ, ನಲವತ್ತಮೂರು ಮತಗಳಿಂದ ಅಂತ ಹೇಳಿತು. ಕೂತವನು ಎದ್ದು ಹೋದ.

ಇಷ್ಟೆಲ್ಲ ರಂಪ ಯಾಕೆ ಗೊತ್ತಾ? ಅವರ ಮತಪತ್ರದ ಮೇಲ್ಗಡೆ ಇಡೀ ಪಕ್ಷಕ್ಕೆ ಒಟ್ಟಿಗೆ ಮತ ಹಾಕುವ ಜಾಗ ಇತ್ತು. ಕೆಲವರು ಅಲ್ಲಿ ಒಂದು ಪಕ್ಷಕ್ಕೆ ಇಂಟು ಹಾಕಿ, ಕೆಳಗೆ ಬಂದು ಗವರ್ನರ್ ಜಾಗದಲ್ಲಿ ಎದುರು ಪಕ್ಷದವನಿಗೂ ಇಂಟು ಹಾಕಿದ್ದರು. ಆ ಮತ ಯಾರಿಗೆ? ಎರಡೂ ಕಡೆಯವರು ನಮಗೇ ಅಂದರು.

ನಮ್ಮ ಮೇಡಂ ಹೇಳಿದರು, ಚುನಾವಣೆ ನಡೆಸಿದ ಅನುಭವ ಇರುವ ಯಾರನ್ನಾದರೂ ಕೇಳು, ಕೋರ್ಟಿನವರನ್ನಲ್ಲ, ಕೈಯಲ್ಲಿ ಕಾಗದ ಹಿಡಿದವರನ್ನು ಅಂತ. ನನಗೆ ಬೇರೆ ಯಾರಿದ್ದಾರೆ? ಪಪ್ಪ, ಮೇಲೆ ತಂಡಕ್ಕೆ ಒಂದು ಗುರುತು, ಕೆಳಗೆ ಎದುರಾಳಿಯ ಹೆಸರಿಗೆ ಇನ್ನೊಂದು ಗುರುತು. ಅಂಥ ಕಾಗದ ನಿಮ್ಮ ಕೈಗೆ ಬಂದಿದ್ದರೆ ನೀವು ಯಾವ ಕಟ್ಟಿಗೆ ಹಾಕುತ್ತಿದ್ದಿರಿ?

ಬೇಗ ಬರೆಯಿರಿ. ಸೋಮವಾರ ಸೆಮಿನಾರ್.

ನಿಮ್ಮ
ತೃಪ್ತಿ

*

ಅಲ್ ಖೌದ್
23 ನವೆಂಬರ್ 2025

ತೃಪ್ತಿ,

ಮೇಲಿನ ಗುರುತೇ ಗುರುತು. ಮನುಷ್ಯ ಮೊದಲು ಹಾಕಿದ್ದು ಯಾವುದೋ ಅದು ಅವನ ಮತ. ಕೆಳಗಿನದ್ದನ್ನು ಯಾರು ಹಾಕಿದರು, ಯಾವಾಗ ಹಾಕಿದರು, ಯಾಕೆ ಹಾಕಿದರು ಅಂತ ನೋಡುತ್ತಾ ಕೂತರೆ ಎಣಿಕೆ ಮುಗಿಯುವುದಿಲ್ಲ. ಅಧಿಕಾರಿ ಹೇಳಿದ್ದೇ ಅಂತಿಮ. ನಿನ್ನ ಮೇಡಂಗೆ ಇಷ್ಟು ಹೇಳಿದರೆ ಸಾಕು.

ಈ ಪ್ರಶ್ನೆ ನಿನಗೆ ಈಗಲೇ ಯಾಕೆ ಬಂತು? ಅಮ್ಮ ಫೋನ್ ಮಾಡಿದ್ದಳಾ? ಯಾರಾದರೂ ಏನಾದರೂ ಹೇಳಿದ್ದರೆ ನೇರವಾಗಿ ಬರೆ. ನೂರು ವರ್ಷದ ಹಿಂದಿನವರನ್ನು ಮುಂದೆ ನಿಲ್ಲಿಸಿ ಅಪ್ಪನನ್ನು ಪ್ರಶ್ನೆ ಮಾಡುವುದು ಬೇಡ.

ಕೊಗ್ಗ

*

ಹೈದರಾಬಾದ್
25 ನವೆಂಬರ್ 2025

ಪಪ್ಪ,

ನಾನು ಏನು ತಪ್ಪು ಬರೆದೆ ಅಂತ ನನ್ನ ಪತ್ರವನ್ನು ಪುನಃ ಪುನಃ ಓದಿದೆ. ನನಗೆ ಗೊತ್ತಾಗಲಿಲ್ಲ. ಯಾರೂ ಏನೂ ಹೇಳಿಲ್ಲ. ನಾನು ಕೇಳಿದ್ದು ಅರಿಝೋನಾದ ಬಗ್ಗೆ.

ನಿಮ್ಮ ಉತ್ತರವನ್ನು ಸೆಮಿನಾರಿನಲ್ಲಿ ಓದಿದೆ. ಕೊನೆಯ ಸಾಲುಗಳನ್ನು ಬಿಟ್ಟು. ನನ್ನ ತಂದೆ ಇಪ್ಪತ್ತು ವರ್ಷದಿಂದ ಪರದೇಶದಲ್ಲಿ ಒಂದು ಸಂಘದ ಚುನಾವಣೆ ನಡೆಸುತ್ತಿದ್ದಾರೆ, ಇವತ್ತಿನವರೆಗೆ ಒಂದು ದೂರೂ ಇಲ್ಲ, ಅವರು ಎಣಿಸಿದರೆ ಎರಡನೇ ಸಲ ಯಾರೂ ಎಣಿಸುವುದಿಲ್ಲ ಅಂತ ಹೇಳಿದೆ. ಚಪ್ಪಾಳೆ ಬಿತ್ತು ಪಪ್ಪ, ನಿಜ. ನನಗೆ ಎಷ್ಟು ಹೆಮ್ಮೆ ಆಯಿತು ಅಂದರೆ ಓದುತ್ತಿದ್ದ ಸಾಲೇ ತಪ್ಪಿಹೋಯಿತು.

ಆಮೇಲೆ ಮೇಡಂ ಒಂದು ಕೇಳಿದರು. ಅರಿಝೋನಾದಲ್ಲಿ ಆಗಲೇ ಹೆಂಗಸರಿಗೆ ಮತ ಇತ್ತು, ಅಮೆರಿಕದ ಎಲ್ಲ ಕಡೆ ಬರುವುದಕ್ಕಿಂತ ಮೊದಲೇ. ಎರಡು ಗುರುತಿನ ಕಾಗದಗಳಲ್ಲಿ ಹೆಂಗಸರದ್ದು ಎಷ್ಟಿರಬಹುದು ಅಂತ. ನನಗೆ ಗೊತ್ತಿಲ್ಲ ಅಂದೆ. ಯಾರಿಗೂ ಗೊತ್ತಿರಲಿಕ್ಕಿಲ್ಲ.

ನಿನ್ನೆ ಅಮ್ಮನಿಗೆ ನಾನೇ ಫೋನ್ ಮಾಡಿದೆ. ಚುನಾವಣೆ ಹೇಗಾಯ್ತು ಅಂದರೆ “ಎಂಕ್ ದಾಲ ಗೊತ್ತುಜ್ಜಿ” ಅಂತ ನಕ್ಕುಬಿಟ್ಟರು. ಅವರಿಗೆ ಏನೂ ಗೊತ್ತಿಲ್ಲವಂತೆ! ಪಪ್ಪನಿಗೆ ಊಟ ಸೇರುತ್ತಿಲ್ಲ, ಮಾತೇ ಇಲ್ಲ, ಶುಗರ್ ಜಾಸ್ತಿಯಾಗಿದೆಯೋ ಏನೋ ಅಂದರು. ನನಗೆ ವಿಷಯ ಅರ್ಥವಾಯಿತು. ಖುರುಮ್‌ನ ಬ್ಯಾಂಕಿನಲ್ಲಿರುವ ಆ ಅಕ್ಷಯ್‌ನ ಜಾತಕ ಬಂದಿದೆ, ನೀವು ಹೂಂ ಅಂದಿದ್ದೀರಿ, ಅಮ್ಮ ಬೇಡ ಅಂದಿದ್ದಾರೆ, ಅದಕ್ಕೆ ಜಗಳ. ಅಲ್ವಾ? ದಯವಿಟ್ಟು ನನ್ನ ವಿಷಯಕ್ಕೆ ಅಮ್ಮನ ಮೇಲೆ ಕೋಪ ಮಾಡಬೇಡಿ.

ತೃಪ್ತಿ

*

ಹೈದರಾಬಾದ್
14 ಡಿಸೆಂಬರ್ 2025

ಪಪ್ಪ,

ಮೂರು ವಾರ ಆಯಿತು. ಈಗ ಕರಾರು ಮುರಿದದ್ದು ಯಾರು?

ತೃಪ್ತಿ

*

ಅಲ್ ಖೌದ್
27 ಡಿಸೆಂಬರ್ 2025

ಪ್ರೀತಿಯ ತೃಪ್ತಿ,

ಜಾತಕದ ಜಗಳ ಅಲ್ಲ ಮಗಾ. ಆ ಅಕ್ಷಯ್‌ಗೆ ಉಡುಪಿಯಲ್ಲಿ ಬೇರೆ ಸಂಬಂಧ ಆಯಿತು. ಜಾತಕದ ಜಗಳವೇ ಆಗಿದ್ದರೆ ಒಳ್ಳೆಯದಿತ್ತು ಅನ್ನುವಷ್ಟು ದೊಡ್ಡ ತಪ್ಪು ನನ್ನ ಕೈಯಿಂದ ಆಗಿದೆ. ನಿನ್ನ ಚಪ್ಪಾಳೆಯ ಪತ್ರ ಬಂದಾಗಿನಿಂದ ಬರೆಯಬೇಕು ಅಂತ ಕೂರುವುದು, ಎರಡು ಸಾಲು ಬರೆದು ಅಳಿಸುವುದು. ನಾಚಿಕೆಯಾಗುತ್ತದೆ. ಮಗಳಿಗೆ ಹೇಳಿಕೊಳ್ಳುವಂಥದ್ದಲ್ಲ. ಆದರೆ ಬೇರೆ ಯಾರಿಗೆ ಹೇಳಲಿ?

ಇವತ್ತು ಆಲ್ಬಿನಾ ಬಾಯಿ ಬಂದಿದ್ದರು. ವರ್ಷವೂ ಕ್ರಿಸ್‌ಮಸ್ ಮರುದಿನವೋ ಅದರ ಮರುದಿನವೋ ಬರುತ್ತಾರಲ್ಲ, ಕುಸ್ವಾರಿನ ತಿಂಡಿಗಳ ಡಬ್ಬಿ ಹಿಡಿದುಕೊಂಡು. ಕರಿದ ನೆವ್ರಿ ಈ ಸಲ ಸ್ವಲ್ಪ ಕಪ್ಪಾಯಿತು ಅಂತ ಅವರೇ ತಮಾಷೆ ಮಾಡಿದರು. ಅಮ್ಮ ಒಳಗೆ ಚಾ ಮಾಡುವಾಗ ನನ್ನ ಹತ್ತಿರ ಕೂತು ಹೇಳಿದರು: “ಕೊಗ್ಗಣ್ಣ, ನನಗೆ ಬೇಸರ ಉಂಟು ಅಂತ ನೀವು ತಿಳ್ಕೊಂಡಿದ್ದೀರಿ ಅಲ್ವಾ, ಅದಕ್ಕೇ ಫೋನ್ ಎತ್ತುದಿಲ್ಲ. ನನ್ಗೆ ಎಂಥದ್ದೂ ಬೇಸರ ಇಲ್ಲ. ಮಗ ಪಿಯುಸ್ ಇನ್ನೊಮ್ಮೆ ಎಣಿಸಲಿಕ್ಕೆ ಹೇಳುವ ಅಂದ. ನಾನೇ ಗದರಿಸಿದೆ. ಕೊಗ್ಗಣ್ಣ ಎಣಿಸಿದ್ದನ್ನು ಎಣಿಸಿದ್ರೆ ನಾಳೆ ಅವರ ಮುಖ ನೋಡ್ಲಿಕ್ಕೆ ಉಂಟಾ ಅಂತ ಕೇಳಿದೆ.”

ನಾನು ನೆವ್ರಿ ಬಾಯಿಗೆ ಹಾಕಿಕೊಂಡವನು ನುಂಗಲಾರದೆ ಕೂತೆ.

ಆದದ್ದು ಹೀಗೆ. ನಮ್ಮ ಮತಪತ್ರದಲ್ಲೂ ಮೇಲೆ ಒಂದು ಚೌಕ ಉಂಟು, ತಂಡಕ್ಕೆ. ಅಲ್ಲಿ ಒಂದು ರೈಟ್ ಹಾಕಿದರೆ ಒಂಬತ್ತು ಜನಕ್ಕೂ ಬಿತ್ತು. ಕೆಳಗೆ ಒಂದೊಂದು ಹುದ್ದೆಯ ಹೆಸರುಗಳು. ಎಣಿಸುವಾಗ ಹದಿನೇಳು ಕಾಗದಗಳಲ್ಲಿ ಮೇಲೆ ಬಾದುಶಾಕನ ತಂಡಕ್ಕೆ ಪೆನ್ನಿನ ರೈಟ್ ಇತ್ತು, ಕೆಳಗೆ ಆಲ್ಬಿನಾ ಬಾಯಿಯ ಹೆಸರಿಗೆ ಸಣ್ಣ ಇಂಟು. ಪೆನ್ಸಿಲಿನಲ್ಲಿ, ಹುಬ್ಬಿನ ಪೆನ್ಸಿಲಿನಲ್ಲಿ, ಒಂದರಲ್ಲಿ ಉಗುರಿನಲ್ಲಿ ಗೀರಿದ್ದು. ಮೇಜಿನಿಂದ ಪೆಟ್ಟಿಗೆಗೆ ಹೋಗುವ ದಾರಿಯಲ್ಲಿ ಹೆಂಗಸರು ಹಾಕಿದ್ದು. ಯಾರೂ ನನಗೆ ಹೇಳಬೇಕಾಗಿರಲಿಲ್ಲ, ನೋಡಿದರೆ ಗೊತ್ತಾಗುತ್ತಿತ್ತು.

ಆ ಹದಿನೇಳನ್ನು ನಾನು ಬಾದುಶಾಕನಿಗೆ ಎಣಿಸಿದೆ. ಆಲ್ಬಿನಾ ಬಾಯಿಗೆ ಎಣಿಸಿದ್ದರೆ ಅವರು ಗೆಲ್ಲುತ್ತಿದ್ದರು. ಯಾರಿಗೂ ಬೇಡ ಅಂತ ಬದಿಗೆ ಇಟ್ಟಿದ್ದರೂ ಅವರೇ ಗೆಲ್ಲುತ್ತಿದ್ದರು. ಹೇಗೆ ನೋಡಿದರೂ ಗೆದ್ದದ್ದು ಅವರೇ. ನೀನು ಅರಿಝೋನಾದ ಕತೆ ಬರೆದಾಗ ನನ್ನ ಕಪಾಟಿನಲ್ಲಿ ಬಿಸ್ಕೀಟಿನ ಡಬ್ಬಿಯೊಳಗೆ ಅವು ಕೂತಿದ್ದವು. ನೀನು ಎಲ್ಲ ತಿಳಿದುಕೊಂಡೇ ಕೇಳುತ್ತಿದ್ದಿ ಅಂದುಕೊಂಡೆ. ಕಳ್ಳನಿಗೆ ಎಲ್ಲರೂ ಪೊಲೀಸರ ಹಾಗೆಯೇ ಕಾಣುವುದು.

ಬಾದುಶಾಕ ನನಗೆ ಏನಾದರೂ ಹೇಳಿದ್ದರಾ ಅಂತ ನೀನು ಕೇಳಬಹುದು. ಇಲ್ಲ. ಅವರು ನನ್ನ ಹತ್ತಿರ ಒಂದು ಚಾ ಕುಡಿಯಿರಿ ಅಂತ ಕೂಡ ಆ ದಿನ ಹೇಳಿದವರಲ್ಲ. ಯಾಕೆ ಮಾಡಿದೆ ಅನ್ನುವುದನ್ನು ಬರೆಯುವುದೇ ಕಷ್ಟ.

ಮೊದಲು ಕೈಗೆ ಬಂದ ಎರಡು ಗುರುತಿನ ಕಾಗದ ನಮ್ಮದು. ನಿನ್ನ ಅಮ್ಮನದ್ದು ಮತ್ತು ನನ್ನದು. ಬಾಲ ಉದ್ದ ಎಳೆದ ರೈಟ್ ನನ್ನದು, ಅದನ್ನು ನಾನು ಕಾಣದೆ ಇರುತ್ತೇನಾ? ಅದರ ಕೆಳಗೆ ಒಂದು ಇಂಟು. ಅಮ್ಮ ಗ್ಯಾಸ್ ಬಂದ ದಿನ ಕ್ಯಾಲೆಂಡರಿಗೆ ಹಾಕುವಂಥದ್ದೇ, ಸಣ್ಣದು, ಒತ್ತಿ ಹಾಕಿದ್ದು. ನನ್ನ ಕೈಯಿಂದ ತೆಗೆದುಕೊಂಡು ಹೋಗಿ, ನಾಲ್ಕು ಹೆಜ್ಜೆಯಲ್ಲಿ, ನನ್ನ ಬೆನ್ನಿಗೆ ಹೀಗೆ ಮಾಡಿದಳಲ್ಲ! ಇಪ್ಪತ್ತೆಂಟು ವರ್ಷದ ಸಂಸಾರ. ಒಂದು ಮಾತು ಹೇಳಬಾರದಿತ್ತಾ? ಆ ಸಿಟ್ಟಿನಲ್ಲಿ ಆ ಕಾಗದವನ್ನು ಬಾದುಶಾಕನ ಕಟ್ಟಿಗೆ ಹಾಕಿದೆ. ಒಂದನ್ನು ಹಾಗೆ ಹಾಕಿದ ಮೇಲೆ ಉಳಿದ ಹದಿನಾರನ್ನು ಬೇರೆ ರೀತಿ ಎಣಿಸಲಿಕ್ಕೆ ಆಗಲಿಲ್ಲ. ಅದಕ್ಕೆ ನಿಯಮ ಅಂತ ಹೆಸರಿಟ್ಟೆ. ನಿನ್ನ ಮೇಡಂಗೆ ಕಳಿಸಿದ್ದು ಅದನ್ನೇ.

ಅಮ್ಮನ ಹತ್ತಿರ ಈ ವಿಷಯ ಎತ್ತಿಲ್ಲ. ಆ ದಿನದಿಂದ ಸರಿಯಾಗಿ ಮಾತೂ ಆಡಿಲ್ಲ. ಅವಳು ಬಡಿಸುತ್ತಾಳೆ, ನಾನು ತಿನ್ನುತ್ತೇನೆ. ಅವಳು ಶುಗರ್ ಟೆಸ್ಟ್ ಮಾಡಿಸುವ ಅನ್ನುತ್ತಾಳೆ. ತನ್ನ ಗುಟ್ಟು ನನಗೆ ಗೊತ್ತಿದೆ ಅಂತ ಗೊತ್ತಿಲ್ಲದ ಹಾಗೆ ಇದ್ದಾಳಲ್ಲ ಅಂತ ಮೊದಲು ಸಿಟ್ಟು ಬರುತ್ತಿತ್ತು. ಈಗ ಅವಳ ಮುಖ ನೋಡಲಿಕ್ಕೆ ನನಗೇ ಆಗುವುದಿಲ್ಲ.

ಕಾಗದಗಳನ್ನು ಸುಟ್ಟುಬಿಡಲಾ? ಏನು ಮಾಡಲಿ, ಹೇಳು. ಬೈಯುವುದಿದ್ದರೆ ಬೈದು ಹೇಳು.

ಪಪ್ಪ

*

ಹೈದರಾಬಾದ್
28 ಡಿಸೆಂಬರ್ 2025

ಪಪ್ಪ,

ಸುಡಬೇಡಿ.

ಬೈಯಲಿಕ್ಕೂ ನನಗೆ ಬರುವುದಿಲ್ಲ. ಬೆಳಿಗ್ಗೆಯಿಂದ ಹಾಸ್ಟೆಲ್ ರೂಮಿನಿಂದ ಹೊರಗೆ ಹೋಗಿಲ್ಲ. ನಲವತ್ತು ಜನರ ಮುಂದೆ ನಿಂತು ನಿಮ್ಮ ಹೆಸರು ಹೇಳಿದ್ದೆ. ನಿಮ್ಮ “ಮೇಲಿನ ಗುರುತೇ ಗುರುತು” ನನ್ನ ಮೂರನೇ ಅಧ್ಯಾಯದ ಮೊದಲ ಸಾಲಾಗಿತ್ತು. ತೆಗೆದುಹಾಕಿದೆ. ಮೇಡಂ ಕೇಳಿದರೆ ಏನು ಹೇಳಲಿ? ನಿಮ್ಮ ಮೇಲೆ ನಾಚಿಕೆ, ನಿಮ್ಮನ್ನು ಹೊಗಳಿದ ನನ್ನ ಮೇಲೆ ಇನ್ನೂ ನಾಚಿಕೆ.

ಮತ್ತೆ ಒಂದು. ಅಮ್ಮ ಫೋನಿನಲ್ಲಿ ನಿಮ್ಮ ಊಟದ ಬಗ್ಗೆ ಹೇಳಿದಾಗ ಅವರು ಅಳುತ್ತಿದ್ದರು. ನಾನು ಅದನ್ನು ಬರೆಯಲಿಲ್ಲ. “ನನ್ನಿಂದ ಎಂಥ ತಪ್ಪಾಯ್ತು ಅಂತ ಪಪ್ಪನ ಹತ್ತಿರ ನೀನು ಕೇಳು” ಅಂದಿದ್ದರು. ನಾನು ಜಾತಕ ಅಂದುಕೊಂಡು ನಿಮ್ಮನ್ನು ಕೇಳಲಿಲ್ಲ.

ಆಲ್ಬಿನಾ ಆಂಟಿ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದಾಗ ಅಮ್ಮ ಅವರ ಕೈ ಹಿಡಿದುಕೊಂಡಿರುತ್ತಿದ್ದರು. ಅವರಿಗೆ ಮತ ಹಾಕಬೇಕು ಅನ್ನಿಸಿದ್ದು ನಿಮ್ಮ ಬೆನ್ನಿಗೆ ಮಾಡಿದ್ದು ಹೇಗಾಗುತ್ತದೆ ಪಪ್ಪ?

ಏನು ಮಾಡಬೇಕು ಅಂತ ನಿಮಗೆ ಗೊತ್ತಿದೆ. ಮೊದಲು ಬಾದುಶಾ ಅಂಕಲ್, ಆಮೇಲೆ ಆಲ್ಬಿನಾ ಆಂಟಿ, ಆಮೇಲೆ ಎಲ್ಲರೂ. ಆದರೆ ಅದಕ್ಕಿಂತ ಮೊದಲು ಅಮ್ಮ. ಅದು ಮಾಡುವವರೆಗೆ ನನಗೆ ಬರೆಯಬೇಡಿ.

ತೃಪ್ತಿ

*

ಅಲ್ ಖೌದ್
3 ಜನವರಿ 2026

ಪ್ರೀತಿಯ ತೃಪ್ತಿ,

ಬರೆಯಬೇಡಿ ಅಂದಿದ್ದಿ. ಅರ್ಧ ಮಾಡಿದ್ದೇನೆ, ಅದಕ್ಕೆ ಅರ್ಧ ಪತ್ರ.

ನಿನ್ನೆ ಮವಾಲೇಹ್‌ಗೆ ಹೋಗಿ ಬಾದುಶಾಕನ ತರಕಾರಿ ಅಂಗಡಿಯಲ್ಲಿ ಕೂತು ಎಲ್ಲ ಹೇಳಿದೆ. ಅವರು ನುಗ್ಗೆಕಾಯಿ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು. “ನಾನು ನಿಮ್ಮತ್ರ ಕೇಳಿದ್ನಾ ಮಾರಾಯ್ರೆ?” ಅಂದರು. ಮೆಲ್ಲಗೇ ಅಂದದ್ದು. ಅವರು ಕಿರುಚಿದ್ದರೆ ನನಗೆ ಸುಲಭವಾಗುತ್ತಿತ್ತು. “ಸೋತಿದ್ರೆ ಮನೆಗೆ ಹೋಗಿ ಬಿರಿಯಾನಿ ತಿಂತಿದ್ದೆ. ಈಗ ಎರಡು ತಿಂಗಳು ಇನ್ನೊಬ್ರ ಕುರ್ಚಿಯಲ್ಲಿ ಕೂರಿಸಿದ್ರಲ್ಲ ನನ್ನನ್ನು. ಖಲಾಸ್. ಶುಕ್ರವಾರ ಮೀಟಿಂಗ್ ಕರೀರಿ. ಎಲ್ಲರ ಎದುರು ಹೇಳುವ.”

ನಾನು ಏಳುವಾಗ ನಕ್ಕ ಹಾಗೆ ಮಾಡಿ ಕೇಳಿದರು: “ಹೌದು, ನಮ್ಮ ರಝಿಯಾಳ ಇಂಟು ಉಂಟಾ ಅದರಲ್ಲಿ?” ಅವರ ಹೆಂಡತಿಯ ವಿಷಯ. ನನಗೆ ಗೊತ್ತಿಲ್ಲ ಅಂದೆ. ತಮಾಷೆ ಅಂದುಕೊಂಡೆ.

ಅಮ್ಮನ ಹತ್ತಿರ ಇನ್ನೂ ಆಗಲಿಲ್ಲ. ಮೊದಲು ಮೀಟಿಂಗಿನಲ್ಲಿ ಎಲ್ಲ ಸರಿ ಮಾಡಿ, ತಲೆ ಎತ್ತಿ ಅವಳ ಹತ್ತಿರ ಹೇಳುತ್ತೇನೆ. ಇವತ್ತು ಬೆಳಿಗ್ಗೆ ಹೇಳಬೇಕು ಅಂತ ಅಡುಗೆಮನೆಯವರೆಗೆ ಹೋದೆ. ಉಪ್ಪು ಕಡಿಮೆಯಾಯ್ತು ಅಂತ ಹೇಳಿ ಬಂದೆ.

ಪಪ್ಪ

*

ಹೈದರಾಬಾದ್
3 ಜನವರಿ 2026

ಉಪ್ಪು ಕಡಿಮೆಯಾ! ಅಯ್ಯೋ ಪಪ್ಪ!

*

ಅಲ್ ಖೌದ್
10 ಜನವರಿ 2026

ಪ್ರೀತಿಯ ತೃಪ್ತಿ,

ನಿನ್ನೆ ಮೀಟಿಂಗ್ ಆಯಿತು. ಇದು ಪೂರ್ತಿ ಪತ್ರ. ನೀನು ಹೇಳಿದ ಕ್ರಮದಲ್ಲಿ ನಾನು ಮಾಡಲಿಲ್ಲ, ಅದರ ಫಲವನ್ನೂ ಬರೆಯುತ್ತೇನೆ.

ಹಾಲ್ ತುಂಬಿತ್ತು. ಬಾದುಶಾಕ ವೇದಿಕೆಯಿಂದ ಕೆಳಗಿಳಿದು ಮುಂದಿನ ಸಾಲಿನಲ್ಲಿ ಕೂತರು. ನಾನು ಬಿಸ್ಕೀಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮೈಕ್ ಹಿಡಿದೆ. ಹದಿನೇಳು ಕಾಗದಗಳಲ್ಲಿ ಎರಡು ಗುರುತು ಇತ್ತು, ಗಂಡನದ್ದು ಮೇಲೆ, ಹೆಂಡತಿಯದ್ದು ಕೆಳಗೆ, ನಾನು ಕೆಳಗಿನದ್ದನ್ನು ಮುಚ್ಚಿಟ್ಟೆ, ಆಲ್ಬಿನಾ ಬಾಯಿ ಗೆದ್ದಿದ್ದಾರೆ, ತಪ್ಪು ನನ್ನದು ಅಂತ ಹೇಳಿದೆ. ಸಿಟ್ಟಿನ ಕಾರಣ ಮಾತ್ರ ಹೇಳಲಿಲ್ಲ. ಅಷ್ಟು ಹೇಳಿ ಮುಗಿಸುವಾಗ ಎದೆಯಿಂದ ಕಲ್ಲು ಇಳಿದ ಹಾಗೆ ಆಗಿತ್ತು. ಒಳ್ಳೆಯ ಕೆಲಸ ಮಾಡಿದೆ ಅಂತ ನನಗೆ ನಾನೇ ಹೇಳಿಕೊಂಡೆ ಅಂತ ಕಾಣುತ್ತದೆ.

ಆಮೇಲೆ ಗಂಡಸರು ಒಬ್ಬೊಬ್ಬರೇ ಪಕ್ಕಕ್ಕೆ ತಿರುಗಿ ತಮ್ಮ ತಮ್ಮ ಹೆಂಡತಿಯರ ಮುಖ ನೋಡಲಿಕ್ಕೆ ಶುರು ಮಾಡಿದರು.

ನಾನು ಅದನ್ನು ಯೋಚನೆಯೇ ಮಾಡಿರಲಿಲ್ಲ ತೃಪ್ತಿ. ಮಾಡಬೇಕಿತ್ತು. ಮಾಡಬೇಕಾದವನು ನಾನೊಬ್ಬನೇ ಇದ್ದೆ. ಹೆಂಗಸರು ತಲೆ ಬಗ್ಗಿಸಿ ಮಡಿಲಲ್ಲಿದ್ದ ಪರ್ಸ್ ನೋಡುತ್ತಾ ಕೂತರು. ರಾಫಿಯಾ ಮಗುವಿನ ಬಾಯಿ ಒರೆಸಿದಳು, ಪುನಃ ಒರೆಸಿದಳು, ಆ ಬಾಯಿಯಲ್ಲಿ ಏನೂ ಇರಲಿಲ್ಲ. ಅವಳ ಗಂಡ ಫಯಾಝ್ ಎದ್ದು ನಿಂತ. “ಕೊಗ್ಗಣ್ಣ, ಆ ಕಾಗದ ಇಲ್ಲಿ ಕೊಡಿ. ನನ್ನ ರೈಟ್ ನನ್ಗೆ ಗೊತ್ತಾಗ್ತದೆ” ಅಂದ. ಇನ್ನೊಬ್ಬ ಎದ್ದ. ಹಿಂದಿನಿಂದ ಯಾರೋ “ನನ್ನದೂ ನೋಡ್ಬೇಕು” ಅಂದರು. ನೋಡನೋಡುತ್ತಾ ಆರೆಂಟು ಜನ ಮೇಜಿನ ಸುತ್ತ. ಡಬ್ಬಿಯ ಮೇಲೆ ಕೈ ಇಟ್ಟುಕೊಂಡು ನಾನು ನಿಂತಿದ್ದೆ. ಕೊಡಬಾರದು ಅಂತ ಗೊತ್ತಿತ್ತು. ಆದರೆ ನನ್ನ ಹೆಂಡತಿಯ ಇಂಟನ್ನು ನಾನು ನೋಡಿ ಆಗಿತ್ತಲ್ಲ. ಯಾವ ಬಾಯಿಯಿಂದ ಅವರಿಗೆ ಬೇಡ ಅನ್ನಲಿ?

ಆಗ ಆಲ್ಬಿನಾ ಬಾಯಿ ಬಂದರು. ಊಟದ ಮೇಜಿನಿಂದ ನೀರಿನ ಜಗ್ ಎತ್ತಿಕೊಂಡು ಬಂದು, ನನ್ನ ಕೈ ಸರಿಸಿ, ಡಬ್ಬಿಯ ಮುಚ್ಚಳ ತೆಗೆದು, ಇಡೀ ಜಗ್ ಒಳಗೆ ಸುರಿದರು. ಆಮೇಲೆ ತೋಳು ಮೇಲೆ ಮಾಡಿಕೊಂಡು ಎರಡೂ ಕೈ ಹಾಕಿ ಕಾಗದಗಳನ್ನು ಕಿವುಚಿದರು, ಹುಣಸೆಹುಳಿ ಕಿವುಚುವ ಹಾಗೆ. ಫಯಾಝ್ “ಬಾಯಿ, ಎಂಥ ಮಾಡ್ತಿದ್ದೀರಿ, ಅದು ನಿಮ್ಮ ಗೆಲುವಲ್ವಾ!” ಅಂತ ಕೂಗಿದ. ಅವರು ಕೈ ನಿಲ್ಲಿಸಲಿಲ್ಲ. “ನನ್ನ ಗೆಲುವನ್ನು ನಾನು ಎಂಥ ಬೇಕಾದ್ರೂ ಮಾಡ್ತೇನೆ. ನೀನು ಹೋಗಿ ಕೂತ್ಕೋ. ಇನ್ನೊಮ್ಮೆ ಚುನಾವಣೆ ಮಾಡುವ. ಈ ಸಲ ಹೆಂಗಸರಿಗೆ ಬೇರೆ ಕಾಗದ, ಬೇರೆ ಪೆಟ್ಟಿಗೆ. ಮನೆಗೆ ಹೋಗಿ ಯಾರಾದ್ರೂ ಹೆಂಡತಿಯತ್ರ ನೀನು ಯಾರಿಗೆ ಹಾಕಿದ್ದು ಅಂತ ಕೇಳಿದ್ದು ನನ್ಗೆ ಗೊತ್ತಾದ್ರೆ ಮತ್ತೆ ಜ್ವರ ಬಂದಾಗ ನನ್ಗೆ ಫೋನ್ ಮಾಡ್ಲಿಕ್ಕಿಲ್ಲ” ಅಂದರು.

ಬಾದುಶಾಕ ಮೊದಲು ಕೈ ಎತ್ತಿದರು. ಫೆಬ್ರವರಿಯಲ್ಲಿ ಪುನಃ ಚುನಾವಣೆ ಅಂತ ತೀರ್ಮಾನವಾಯಿತು. ಎಣಿಸುವುದಕ್ಕೆ ಮೂರು ಜನ. ಆ ಮೂವರಲ್ಲಿ ನಾನಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ನಾನು ಹತ್ತಿರ ಹೋದಾಗ ಮಾತು ಬದಲಾಯಿಸಿದರು, ಅಷ್ಟೇ. ಆಲ್ಬಿನಾ ಬಾಯಿ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದು, “ಕೊಗ್ಗಣ್ಣ, ನೀವು ಹೀಗೆ ಮಾಡಿದ್ದು ನನ್ಗೆ ಬೇಸರವಾಯ್ತು. ಬೇಸರ ಇಲ್ಲ ಅಂತ ಸುಳ್ಳು ಹೇಳುದಿಲ್ಲ” ಅಂದರು. ನಾನು ಅವರ ಕಾಲು ನೋಡುತ್ತಾ ನಿಂತೆ.

ಕಾರಿನಲ್ಲಿ ಅಮ್ಮ ಪಕ್ಕದಲ್ಲಿದ್ದಳು. ಅಲ್ ಖೌದ್‌ನ ತಿರುವು ಬಂತು. ಇನ್ನು ಮನೆಗೆ ಮುಟ್ಟಿದರೆ ಪುನಃ ಉಪ್ಪು, ಹುಳಿ ಅಂತ ಶುರುವಾಗುತ್ತದೆ ಅಂತ ಹೆದರಿ, ಪೆಟ್ರೋಲ್ ಪಂಪಿನ ಬದಿಯಲ್ಲಿ ಕಾರು ನಿಲ್ಲಿಸಿ ಹೇಳಿಬಿಟ್ಟೆ. ನಮ್ಮ ಕಾಗದವೂ ಅದರಲ್ಲಿತ್ತು, ನಿನ್ನ ಇಂಟು ನಾನು ನೋಡಿದೆ, ಸಿಟ್ಟು ಬಂತು, ಎಲ್ಲ ಅದರಿಂದಲೇ ಆದದ್ದು, ತಪ್ಪಾಯಿತು, ನೀನು ಆಲ್ಬಿನಾ ಬಾಯಿಗೆ ಹಾಕಿದ್ದು ಸರಿಯೇ ಇತ್ತು ಅಂದೆ.

ಅವಳು ನನ್ನನ್ನು ನೋಡಿದಳು. ತುಳುವಿನಲ್ಲಿ ಹೇಳಿದ್ದನ್ನು ನಿನಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಯಾವ ಇಂಟು? ನಾನು ಎಂಥದ್ದೂ ಹಾಕ್ಲಿಲ್ಲ” ಅಂದಳು. “ನೀವು ಮಡಚಿ ಕೈಯಲ್ಲಿ ಕೊಟ್ರಿ. ನಾನು ತಗೊಂಡು ಹೋಗಿ ಹಾಕಿದೆ. ಇಪ್ಪತ್ತು ವರ್ಷದಿಂದ ಹಾಗೇ ಅಲ್ವಾ? ಒಳಗೆ ಎಂಥ ಉಂಟು ಅಂತ ಒಂದು ದಿನ ಬಿಚ್ಚಿ ನೋಡ್ಲಿಲ್ಲ. ಬಿಚ್ಚಬಹುದು ಅಂತ ನನ್ಗೆ ಗೊತ್ತೇ ಇರ್ಲಿಲ್ಲ.”

ನಾನು ನೋಡಿದ ಕಾಗದ ಬೇರೆ ಯಾರದ್ದೋ. ಬಾಲ ಉದ್ದದ ರೈಟ್ ಹಾಕುವ ಗಂಡ ನಾನೊಬ್ಬನೇ ಅಲ್ಲ ಅಂತ ಆಗ ಹೊಳೆಯಿತು. ನಮ್ಮ ಕಾಗದ ನನ್ನ ಒಂದೇ ಗುರುತು ಹೊತ್ತುಕೊಂಡು ಉಳಿದ ಕಟ್ಟಿನಲ್ಲಿ ಎಲ್ಲೋ ಇತ್ತು. ನಾನು ಅದನ್ನು ಗಮನಿಸದೆಯೇ ಎಣಿಸಿದ್ದೆ.

“ಎರಡು ತಿಂಗಳು ನನ್ನತ್ರ ಮಾತು ಬಿಟ್ಟದ್ದು ಅದಕ್ಕಾ?” ಅಂತ ಕೇಳಿದಳು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು. ನಾನು ಹೇಳಲಾರದಷ್ಟು ಸಣ್ಣವನಾಗಿದ್ದೆ ತೃಪ್ತಿ. ಮಾಡದ ತಪ್ಪಿಗೆ ಶಿಕ್ಷೆ ಕೊಟ್ಟೆ ಅನ್ನುವುದಕ್ಕಿಂತಲೂ, ಅದು ತಪ್ಪೇ ಅಲ್ಲ, ಅದನ್ನು ಮಾಡಬಹುದು ಅಂತ ಅವಳಿಗೆ ಗೊತ್ತಾಗದ ಹಾಗೆ ಇಟ್ಟಿದ್ದೆನಲ್ಲ, ಅದೇ ಹೆಚ್ಚು ಚುಚ್ಚಿತು.

ಆಮೇಲೆ, ಹಾಳು ಬಾಯಿ ನನ್ನದು, ಕೇಳಿಯೇಬಿಟ್ಟೆ: “ಫೆಬ್ರವರಿಯಲ್ಲಿ ನಿನಗೆ ಬೇರೆ ಕಾಗದ ಸಿಗ್ತದಲ್ಲ. ಯಾರಿಗೆ ಹಾಕ್ತಿ?”

ನಿನ್ನ ಅಮ್ಮ ಸೀಟ್ ಬೆಲ್ಟ್ ಸರಿಮಾಡಿಕೊಂಡಳು.

“ಅದನ್ನು ನಿಮ್ಗೆ ಯಾಕೆ ಹೇಳ್ಬೇಕು?” ಅಂದಳು. “ಕಾರು ಬಿಡಿ.”

ನಾನು ಕಾರು ಬಿಟ್ಟೆ.

ಪಪ್ಪ